ಮೋಸ್ತಾರ್: ಸೇತುವೆ ಕಟ್ಟಿದ ಮೇಲೆ

ಯುದ್ಧ ನಿಲ್ಲುವುದು ಬೇರೆ, ಶಾಂತಿ ನೆಲೆಗೊಳ್ಳುವುದು ಬೇರೆ. ಮೊದಲನೆಯದಕ್ಕೆ ನಾಯಕರ ಸಹಿ ಸಾಕಾಗಬಹುದು. ಎರಡನೆಯದಕ್ಕೆ ಊರುಬಿಟ್ಟವನು ತನ್ನ ಮನೆಗೆ ಮರಳಬೇಕು, ನಿನ್ನೆಯವರೆಗೆ ಶತ್ರುವಾಗಿದ್ದ ನೆರೆಯವನಿಗೆ ಮತ್ತೆ ಮುಖ ಕೊಟ್ಟು ಮಾತನಾಡಬೇಕು. ಈ ಕಾರ್ಯದಲ್ಲಿ ಹೊರಗಿನ ರಾಷ್ಟ್ರಗಳು ಎಷ್ಟರ ಮಟ್ಟಿಗೆ ನೆರವಾಗಬಲ್ಲವು? ಇದನ್ನು ತಿಳಿಯಬಯಸುವವರು ಬೋಸ್ನಿಯಾದ ಮೋಸ್ತಾರ್ ಪಟ್ಟಣವನ್ನು ಗಮನಿಸಬೇಕು.

ನೆರೆತ್ವಾ ನದಿಯ ಎರಡೂ ದಡಗಳಲ್ಲಿ ಈ ಪಟ್ಟಣ ಹರಡಿದೆ. ಸೇತುವೆ ಕಾಯುವವರಿಂದಲೇ ಊರಿಗೆ ಆ ಹೆಸರು ಬಂದಿತು. 1566ರಲ್ಲಿ ಉಸ್ಮಾನೀ ಶಿಲ್ಪಿಗಳು ಕಟ್ಟಿದ ಒಂದೇ ಕಮಾನಿನ ಕಲ್ಲಿನ ಸೇತುವೆ 427 ವರ್ಷ ನಿಂತಿತ್ತು. 1992ರಲ್ಲಿ ಸರ್ಬ್ ಪಡೆಗಳ ವಿರುದ್ಧ ಒಟ್ಟಾಗಿ ಹೋರಾಡಿದ್ದ ಮುಸ್ಲಿಮರೂ ಕ್ರೋಟರೂ ಮರುವರ್ಷವೇ ಪರಸ್ಪರರ ಮೇಲೆ ಬಂದೂಕು ತಿರುಗಿಸಿದರು. 1993ರ ನವೆಂಬರ್ 9ರಂದು ಕ್ರೋಟ್ ಪಡೆಯ ಗುಂಡುಗಳಿಗೆ ಸೇತುವೆ ಕುಸಿದು ನದಿಗೆ ಬಿತ್ತು. ಪಶ್ಚಿಮದಲ್ಲಿ ಕ್ರೋಟರು, ಪೂರ್ವದಲ್ಲಿ ಮುಸ್ಲಿಮರು, ಹೀಗೆ ಊರು ಇಬ್ಭಾಗವಾಯಿತು.

1994ರ ಮಾರ್ಚ್‌ನಲ್ಲಿ ಇವರಿಬ್ಬರ ನಡುವೆ ವಾಷಿಂಗ್ಟನ್ ಒಪ್ಪಂದವಾಯಿತು. ಪಟ್ಟಣದ ಆಡಳಿತವನ್ನು ಯುರೋಪಿಯನ್ ಒಕ್ಕೂಟ ವಹಿಸಿಕೊಂಡಿತು. ಆಡಳಿತಗಾರರಾಗಿ ಬಂದವರು ಜರ್ಮನಿಯ ಬ್ರೆಮೆನ್ ನಗರದ ಮಾಜಿ ಮೇಯರ್ ಹಾನ್ಸ್ ಕೊಶ್ನಿಕ್. ಊರಿನ ಮಧ್ಯಭಾಗ ಇಬ್ಬರಿಗೂ ಸೇರಿದ್ದಾಗಬೇಕೆಂದು 1996ರ ಫೆಬ್ರವರಿಯಲ್ಲಿ ಅವರು ನಿರ್ಣಯ ಕೊಟ್ಟಾಗ, ಕ್ರೋಟರ ಗುಂಪೊಂದು ಅವರ ಕಾರನ್ನು ಮುತ್ತಿ ದಾಳಿ ಮಾಡಿತು. ಆಗ ಅವರ ಬೆನ್ನಿಗೆ ನಿಲ್ಲಬೇಕಾದ ಯುರೋಪಿನ ಸರಕಾರಗಳು ರೋಮ್‌ನಲ್ಲಿ ಸಭೆ ಸೇರಿ ಆ ಮಧ್ಯಭಾಗವನ್ನು ಕುಗ್ಗಿಸಿಬಿಟ್ಟವು. ಕೊಶ್ನಿಕ್ ಹುದ್ದೆ ಬಿಟ್ಟು ಹೋದರು. ಸಂಧಾನಕ್ಕೆ ಬಂದವರೇ ಗದ್ದಲಕ್ಕೆ ಬೆದರಿದರೆ ಗದ್ದಲ ಮಾಡುವವರಿಗೆ ಸಿಗುವ ಸಂದೇಶವೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಮನೆಗಳ ವಿಷಯದಲ್ಲಿ ಅವರು ದೃಢವಾಗಿ ನಿಂತರು. 1995ರ ಡಿಸೆಂಬರ್ 14ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಡೇಟನ್ ಒಪ್ಪಂದದ ಏಳನೆಯ ಅನುಬಂಧವು, ನಿರಾಶ್ರಿತರಿಗೆ ಯುದ್ಧಪೂರ್ವದ ತಮ್ಮ ಮನೆಗೇ ಮರಳುವ ಹಕ್ಕು ನೀಡಿತ್ತು. ಕೆಲವು ವರ್ಷ ಅದು ಕಾಗದದಲ್ಲೇ ಉಳಿಯಿತು. ಸ್ಥಳೀಯ ಅಧಿಕಾರಿಗಳು ಒಂದಲ್ಲ ಒಂದು ನೆಪ ಹೇಳುತ್ತಿದ್ದರು. 1999ರಲ್ಲಿ ಅಂತಾರಾಷ್ಟ್ರೀಯ ಉನ್ನತ ಪ್ರತಿನಿಧಿಯು ತನ್ನ ಅಧಿಕಾರ ಬಳಸಿ ಆಸ್ತಿ ಕಾನೂನುಗಳನ್ನು ಜಾರಿಗೊಳಿಸಿದ ನಂತರ ಕೆಲಸ ಚುರುಕಾಯಿತು. ಅರ್ಜಿದಾರನ ಧರ್ಮ ಯಾವುದು, ಪಕ್ಷ ಯಾವುದು ಎಂದು ಕೇಳುವಂತಿರಲಿಲ್ಲ. ಅರ್ಜಿ ಬಂದ ಕ್ರಮದಲ್ಲೇ ತೀರ್ಮಾನವಾಗಬೇಕಿತ್ತು. 2004ರ ಕೊನೆಗೆ ಇಡೀ ದೇಶದ ಸುಮಾರು ಎರಡು ಲಕ್ಷ ಅರ್ಜಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಇತ್ಯರ್ಥವಾಗಿದ್ದವು. ನೆಲೆ ತಪ್ಪಿದ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಜನರಲ್ಲಿ ಆ ವೇಳೆಗೆ ಹತ್ತು ಲಕ್ಷ ಮಂದಿ ಮರಳಿದ್ದರು. ಮನೆ ಮರಳಿ ಪಡೆದ ಅನೇಕರು ಅದನ್ನು ಮಾರಿ ಬೇರೆಡೆ ನೆಲೆಸಿದ್ದೂ ನಿಜ. ಆದರೆ ಮಾರುವುದೋ ಇರುವುದೋ ಎಂಬುದನ್ನು ಬಂದೂಕಿನ ಬದಲು ಮನೆಯೊಡೆಯನೇ ತೀರ್ಮಾನಿಸಿದನು. ನನ್ನ ದೃಷ್ಟಿಯಲ್ಲಿ ಬೋಸ್ನಿಯಾದಲ್ಲಿ ನಡೆದ ಅಂತಾರಾಷ್ಟ್ರೀಯ ಸಹಕಾರದ ಶ್ರೇಷ್ಠ ಫಲ ಇದೇ.

ಜಗತ್ತು ಹೆಚ್ಚು ಕೊಂಡಾಡಿದ್ದು ಸೇತುವೆಯನ್ನು. ಹಂಗೇರಿಯ ಸೇನಾ ಮುಳುಗುಗಾರರು ನದಿಯಿಂದ ಹಳೆಯ ಕಲ್ಲುಗಳನ್ನೆತ್ತಿದರು. ವಿಶ್ವ ಬ್ಯಾಂಕ್, ಯುನೆಸ್ಕೋ, ತುರ್ಕಿ, ಇಟಲಿ, ನೆದರ್ಲೆಂಡ್ಸ್ ಕೈಜೋಡಿಸಿದವು. ಕ್ರೊಯೇಷಿಯಾ ಕೂಡ ಹಣ ಕೊಟ್ಟಿತು. 2004ರ ಜುಲೈ 23ರಂದು ಸೇತುವೆ ಮತ್ತೆ ತೆರೆಯಿತು. ಅದೇ ವರ್ಷ ಊರಿನ ಹಳೆಯ ಪ್ರೌಢಶಾಲೆಯೂ ಒಂದುಗೂಡಿತು. ಒಂದುಗೂಡಿದ್ದು ಆಡಳಿತ ಮಾತ್ರ. ಒಂದೇ ಛಾವಣಿಯಡಿ ಮಕ್ಕಳು ಬೇರೆ ಬೇರೆ ತರಗತಿಗಳಲ್ಲಿ, ಬೇರೆ ಬೇರೆ ಪಠ್ಯಕ್ರಮ ಕಲಿತರು. ಕಲ್ಲಿಗೆ ಕಲ್ಲು ಸೇರಿಸಲು ಪರದೇಶದ ತಜ್ಞನನ್ನು ಕರೆಸಬಹುದು. ಒಂದೇ ಇತಿಹಾಸ ಪುಸ್ತಕವನ್ನು ಇಬ್ಬರೂ ಒಪ್ಪುವಂತೆ ಮಾಡಲು ಯಾರನ್ನು ಕರೆಸುವುದು?

ಪುರಸಭೆಯ ಕಥೆಯೂ ಇಂಥದೇ. 2004ರಲ್ಲಿ ಉನ್ನತ ಪ್ರತಿನಿಧಿ ಪ್ಯಾಡಿ ಆಶ್‌ಡೌನ್ ಇಡೀ ಪಟ್ಟಣಕ್ಕೆ ಒಂದೇ ಆಡಳಿತವನ್ನು ವಿಧಿಸಿದರು. ಆದರೆ ಚುನಾವಣಾ ನಿಯಮದ ಒಂದು ಭಾಗವನ್ನು ಸಂವಿಧಾನ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿದಾಗ, ಅದನ್ನು ತಿದ್ದಲು ಎರಡೂ ಕಡೆಯ ಪಕ್ಷಗಳಲ್ಲಿ ಒಮ್ಮತ ಮೂಡಲಿಲ್ಲ. 2008ರ ಬಳಿಕ ಊರಿನಲ್ಲಿ ಸ್ಥಳೀಯ ಚುನಾವಣೆಯೇ ನಡೆಯಲಿಲ್ಲ. ಕೊನೆಗೆ ಊರಿನ ಮಹಿಳೆಯೊಬ್ಬರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದರು. 2019ರಲ್ಲಿ ತೀರ್ಪು ಅವರ ಪರವಾಗಿ ಬಂತು. ಮರುವರ್ಷ ಪಕ್ಷಗಳು ಒಪ್ಪಂದಕ್ಕೆ ಬಂದವು. 2020ರ ಡಿಸೆಂಬರ್ 20ರಂದು, ಹನ್ನೆರಡು ವರ್ಷಗಳ ನಂತರ, ಮೋಸ್ತಾರಿನ ಎರಡೂ ದಡಗಳ ಜನ ಮತಗಟ್ಟೆಗಳ ಮುಂದೆ ಸಾಲುಗಟ್ಟಿದರು.