ಎರಡು ನಿಮಿಷದಿಂದ ಶುರುಮಾಡಿ

ಬ್ಯಾಡರಹಳ್ಳಿಯ ಶಿಕ್ಷಕಿಯವರಿಗೆ,

ನಿಮ್ಮ ತರಗತಿಯ ಹುಡುಗ ‘ಗಮನವನ್ನೇ ಕೊಡಲ್ಲ’ ಎನ್ನುವ ಮೊದಲು ಅವನ ಕಿವಿ, ಕಣ್ಣಿನ ಪರೀಕ್ಷೆ ಆಗಿದೆಯೇ ವಿಚಾರಿಸಿ. ಫಿಟ್ಸ್ ಮಾತ್ರೆ ನುಂಗುತ್ತಾನೆಂದು ಬರೆದಿದ್ದೀರಿ. ಅವುಗಳಲ್ಲಿ ಕೆಲವು ಮಂಪರು ತರುತ್ತವೆ. ಅಂಥದ್ದೇ ಮಾತ್ರೆಯಾದ ಫಿನೋಬಾರ್ಬಿಟೋನ್ ಕೆಲವು ಮಕ್ಕಳಲ್ಲಿ ಚಡಪಡಿಕೆಯನ್ನೇ ಹೆಚ್ಚಿಸುತ್ತದೆ. ಆದರೆ ಮನೆಯವರು ತಾವಾಗಿ ಮಾತ್ರೆ ನಿಲ್ಲಿಸುವುದು ಅಪಾಯ. ಬರೆದುಕೊಟ್ಟ ವೈದ್ಯರನ್ನೋ ನಿಮ್ಹಾನ್ಸ್‌ನಲ್ಲೋ ಕೇಳಲಿ.

ತರಗತಿಯಲ್ಲಿ ಮಾಗಡಿ ರಸ್ತೆಯ ಕಡೆಗಿನ ಕಿಟಕಿಗೆ ಬೆನ್ನುಮಾಡಿ ಕೂರಿಸಿ. ಮೇಜಿನ ಮೇಲೆ ಒಂದೇ ಕೆಲಸ: ಚಮಚ ಒಂದು ಕಡೆ, ಲೋಟ ಇನ್ನೊಂದು ಕಡೆ ಜೋಡಿಸುವುದು. ಮೂರನೇ ನಿಮಿಷಕ್ಕೆ ಏಳುವ ಮಗುವಿಗೆ ಎರಡಕ್ಕೇ ಮುಗಿಸಿ, ಕೂತಿರುವಾಗಲೇ ಮೆಚ್ಚಿ. ಎದ್ದು ಓಡಿದ ಮೇಲೆ ಪುಸಲಾಯಿಸಲು ಕೊಡುವ ಬಿಸ್ಕತ್ತು ಓಡುವುದನ್ನೇ ಕಲಿಸುತ್ತದೆ, ಖಂಡಿತ ಬೇಡ. ಸಲೀಸಾಗಿ ಕೂರತೊಡಗಿದ ಮೇಲೆ ಅರ್ಧ ನಿಮಿಷ ಸೇರಿಸಿ. ಅವನ ಅಮ್ಮನಿಗೂ ಇದೇ ಅಳತೆ ಹೇಳಿಕೊಡಿ.