ಕೆಜಿಎಫ್ ದಾರಿಯಲ್ಲಿ ಕ್ಯಾಮೆರಾ

ಕೋಲಾರದ ಬಂಡೆಬೆಟ್ಟಗಳ ಚಿತ್ರಗಳೆಲ್ಲ ಸಪ್ಪೆಯಾಗಿ ಬಂದವೆಂದು ಬೇಸರಪಟ್ಟಿದ್ದೀರಾ? ಕ್ಯಾಮೆರಾ ಬದಲಿಸಬೇಡಿ, ಹೊರಡುವ ಹೊತ್ತು ಬದಲಿಸಿ. ನಡುನೆತ್ತಿಯ ಬಿಸಿಲಿನಲ್ಲಿ ನೆರಳಿಲ್ಲ. ನೆರಳಿಲ್ಲದೆ ಕಲ್ಲಿನ ಉಬ್ಬುತಗ್ಗು ಕಾಣುವುದಿಲ್ಲ. ಬೆಂಗಳೂರಿನ ಇಂದಿರಾನಗರದಿಂದ ನಸುಕಿಗೂ ಮುನ್ನ ಹೊರಟರೆ ಕೆ.ಆರ್.ಪುರದ ದಟ್ಟಣೆ ತಪ್ಪುತ್ತದೆ, ಓರೆಬೆಳಕು ಬೀಳುವಾಗ ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿರುತ್ತೀರಿ. ಸೂರ್ಯ ಪಕ್ಕಕ್ಕಿರಲಿ.

ಅಲ್ಲಿಂದ ಮುಂದೆ ಸಿಗುವ ಕೆಜಿಎಫ್‌ನ (ಕೋಲಾರ ಗೋಲ್ಡ್ ಫೀಲ್ಡ್ಸ್) ಸೈನೈಡ್ ದಿಬ್ಬಗಳು ಮರುಭೂಮಿಯಂತೆ ಕಂಡರೂ ಅವು 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ತ್ಯಾಜ್ಯ. ಆ ಬಿಳಿಚು ಮಣ್ಣಿನ ಹೊಳಪಿಗೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಚಿತ್ರ ಕಪ್ಪಾಗುತ್ತದೆ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಏರಿಸಿ. ಗಾಳಿಯಲ್ಲಿ ಲೆನ್ಸ್ ಬಿಚ್ಚಬೇಡಿ. ದಿಬ್ಬ ಹತ್ತಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಆ ದೂಳಿನಲ್ಲಿ ಅಲ್ಲಿನ ಜನ ವರ್ಷಗಟ್ಟಲೆ ನರಳಿದ್ದಾರೆ. ರಸ್ತೆಯಿಂದಲೇ ಜೂಮ್ ಲೆನ್ಸ್‌ನಲ್ಲಿ ತೆಗೆಯಿರಿ.