ಕಡಲ ನೀರಲ್ಲಿ ಹವಳ ಸಾಕಲು ಹನ್ನೆರಡು ಸೂತ್ರಗಳು

ಬೆಂಗಳೂರಿನಲ್ಲಿ ಹವಳದ ತೊಟ್ಟಿ, ಅಂದರೆ ರೀಫ್ ಟ್ಯಾಂಕ್ ಇಟ್ಟವರು ದುಬಾರಿ ರೀಫ್ ಸಾಲ್ಟ್ ಬಕೆಟ್ ತರಿಸಿ, ಆರ್‌ಒ ನೀರಿಗೆ ಬೆರೆಸಿ, ಅಳತೆ ನೋಡುತ್ತ ಕೂರುತ್ತಾರೆ. ಮಂಗಳೂರು, ಉಡುಪಿ, ಕಾರವಾರದವರಿಗೆ ಆ ಖರ್ಚಿಲ್ಲ. ಕ್ಯಾನ್ ಹಿಡಿದು ಹೊರಟರೆ ಕಡಲು ಅಲ್ಲೇ ಇದೆ. ಅಮೆರಿಕದ ಹೆಸರಾಂತ ಮಾಂಟೆರೆ ಬೇ ಅಕ್ವೇರಿಯಂ ಕೂಡ ಎದುರಿನ ಕೊಲ್ಲಿಯ ನೀರನ್ನೇ ಪಂಪ್ ಮಾಡಿ ಬಳಸುತ್ತದೆ. ಆದರೆ ಒಂದು ತೊಡಕಿದೆ: ಕಡಲು ಒಂದೇ ಆದರೂ ನೀರು ದಿನಕ್ಕೊಂದು, ಜಾಗಕ್ಕೊಂದು. ಒಳ್ಳೆಯ ದಿನದ ನೀರನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲಿನ ವಿದ್ಯೆ.

1. ಪತ್ತನಾಜೆಗೆ ಕ್ಯಾನ್ ಮೂಲೆಗಿಡಿ
ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವಲ್ಲ, ಆ ಹೊತ್ತಿಗೆ ಮಳೆಗಾಲಕ್ಕೆ ಬೇಕಾದ ನೀರು ನಿಮ್ಮ ಮನೆಯೊಳಗಿರಬೇಕು. ಜೂನ್ ಬಂತೆಂದರೆ ನೇತ್ರಾವತಿ, ಶರಾವತಿ, ಕಾಳಿ ನದಿಗಳು ಘಟ್ಟದ ಮಳೆಯನ್ನೆಲ್ಲ ತಂದು ಸುರಿಯುತ್ತವೆ. ದಡದ ನೀರು ಕದಡಿ ಕೆಂಪಾಗುತ್ತದೆ, ಉಪ್ಪಿನಂಶ ಇಳಿಯುತ್ತದೆ. ಅದೇ ತಿಂಗಳುಗಳಲ್ಲಿ ಆಳದ ತಣ್ಣನೆಯ ನೀರು ಮೇಲೆದ್ದು ದಡದತ್ತ ಬರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ನೈಟ್ರೇಟ್ ಮತ್ತು ಫಾಸ್ಫೇಟ್ ಹೆಚ್ಚು. ಮೀನಿನ ಬೆಳೆಗೆ ಅದು ವರ. ನಿಮ್ಮ ತೊಟ್ಟಿಯಲ್ಲಿ ಪಾಚಿಗೆ ಗೊಬ್ಬರ. ಶ್ರಾವಣದ ನೂಲ ಹುಣ್ಣಿಮೆಗೆ ಮೊಗವೀರ ಮೀನುಗಾರರು ಕಡಲಿಗೆ ಹಾಲೆರೆದು ಪೂಜೆ ಮಾಡಿದರೂ ನೀವು ಅವಸರಪಡಬೇಡಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನಮ್ಮ ಸುಗ್ಗಿ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಕೇರಳವನ್ನು ಬಳಸಿ ಉತ್ತರಕ್ಕೆ ಹರಿದು ಬರುವುದರಿಂದ ಲವಣಾಂಶ 35 ಪಿಪಿಟಿಗಿಂತ (ಸಾವಿರಕ್ಕೆ 35 ಭಾಗ) ತುಸು ಕೆಳಗಿರಬಹುದು. ಬೇಸಿಗೆ ಏರಿದಂತೆ ಅದೂ ಏರುತ್ತದೆ.

2. ಅಳಿವೆಗೂ ಬಂದರಿಗೂ ದೂರವಿರಿ
ಬೆಂಗ್ರೆ, ಕೋಡಿ ಬೆಂಗ್ರೆ, ಗಂಗೊಳ್ಳಿ, ಹೊನ್ನಾವರ, ತದಡಿ: ಇವೆಲ್ಲ ನದಿ ಕಡಲು ಸೇರುವ ಜಾಗಗಳು. ಬೇಸಿಗೆಯಲ್ಲೂ ಅಲ್ಲಿ ಹೊಳೆಯ ಕೆಸರು, ಊರಿನ ಕೊಳಚೆ ಬಂದು ಬೀಳುತ್ತಿರುತ್ತದೆ. ಮೀನುಗಾರಿಕಾ ಬಂದರಿನೊಳಗೆ ಡೀಸೆಲ್ ಜತೆಗೆ ದೋಣಿಯ ತಳಕ್ಕೆ ಬಳಿದ ಬಣ್ಣದಿಂದ ಇಳಿಯುವ ತಾಮ್ರ. ಕಾರ್ಖಾನೆಯ ಪೈಪು ಕಡಲಿಗಿಳಿಯುವ ಕಡೆಯಂತೂ ಬೇಡವೇ ಬೇಡ. ಬಂಡೆಗಳಿರುವ, ಅಲೆ ನೇರವಾಗಿ ಬಂದು ಬಡಿಯುವ ತೆರೆದ ತೀರ ಹುಡುಕಿ. ಪರಿಚಯದ ನಾಡದೋಣಿಯವರಿದ್ದರೆ ಇನ್ನೂ ಒಳ್ಳೆಯದು; ಅಲೆ ಒಡೆಯುವ ಗೆರೆ ದಾಟಿ ತುಂಬಿಸಿಕೊಂಡ ನೀರಿನಲ್ಲಿ ಮರಳು ಕಡಿಮೆ.

3. ಉಬ್ಬರದ ಕೊನೆಯ ಗಂಟೆಗೆ ಕಾಯಿರಿ
ಇಳಿತದಲ್ಲಿ ದಡದ ಕೊಳೆ ಕಡಲಿಗೆ ಹೋಗುತ್ತದೆ. ಉಬ್ಬರದಲ್ಲಿ ಹೊರಗಡಲ ನೀರು ದಡಕ್ಕೆ ಬರುತ್ತದೆ. ಆದ್ದರಿಂದ ಉಬ್ಬರ ತುಂಬುವ ಮುಂಚಿನ ಒಂದು ಗಂಟೆ ಪ್ರಶಸ್ತ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೆಳೆತ ಜೋರು, ಕದಡುವಿಕೆಯೂ ಜೋರು. ಅಷ್ಟಮಿ, ನವಮಿಯ ಆಸುಪಾಸು ಕಡಲು ತಣ್ಣಗಿರುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ಎಚ್ಚರಿಕೆ ಇದ್ದ ದಿನ ಬಂಡೆಯ ಮೇಲೆ ಕಾಲಿಡಬೇಡಿ.

4. ನೀರಿನ ಬಣ್ಣ ನೋಡಿ, ಮೂಸಿ
ಬೇಸಿಗೆಯಲ್ಲಿ ಕೆಲವೊಮ್ಮೆ ಕಡಲ ಮೇಲೆ ಮರದ ಹೊಟ್ಟು ಚೆಲ್ಲಿದಂತೆ ಕಂದು ಪಟ್ಟೆ ತೇಲುತ್ತದೆ. ಅದು ಟ್ರೈಕೋಡೆಸ್ಮಿಯಂ ಎಂಬ ಸೂಕ್ಷ್ಮಜೀವಿಯ ರಾಶಿ. ಇನ್ನು ಕೆಲವೊಮ್ಮೆ ಹಗಲಲ್ಲಿ ಹಸಿರಾಗಿ ಕಾಣುವ ನೀರು ರಾತ್ರಿ ನೀಲಿಯಾಗಿ ಮಿನುಗುತ್ತದೆ; ಅದು ನಾಕ್ಟಿಲೂಕಾ. 2020ರ ನವೆಂಬರ್‌ನಲ್ಲಿ ಕರಾವಳಿಯ ಜನ ಅದನ್ನು ನೋಡಲು ಬೀಚಿಗೆ ಮುಗಿಬಿದ್ದಿದ್ದರು. ನೋಡಲು ಹೋಗಿ, ಕ್ಯಾನ್ ಒಯ್ಯಬೇಡಿ. ಇವು ಸತ್ತು ಕೊಳೆತರೆ ಅಮೋನಿಯಾ. ಸತ್ತ ಮೀನು, ಎಣ್ಣೆಯ ಪದರ, ಟಾರ್ ಉಂಡೆ ಕಂಡ ದಿನವೂ ಬರಿಗೈಯಲ್ಲಿ ವಾಪಸಾಗಿ.

5. ಪಾತ್ರೆ ನೀರಿಗಾಗಿಯೇ ಇರಲಿ
ಆಹಾರ ದರ್ಜೆಯ ಪ್ಲಾಸ್ಟಿಕ್ ಕ್ಯಾನ್ ಸಾಕು. ಫಿನಾಯಿಲ್, ಕೀಟನಾಶಕ, ಎಣ್ಣೆ ತುಂಬಿದ್ದ ಕ್ಯಾನ್ ಎಷ್ಟು ತೊಳೆದರೂ ಬೇಡ. ಪೂಜೆಗೆ ಗಂಗೆ ತುಂಬುವ ತಾಮ್ರದ ಬಿಂದಿಗೆ ಇಲ್ಲಿ ವಿಷ: ತೀರಾ ಅಲ್ಪ ಪ್ರಮಾಣದ ತಾಮ್ರವೂ ಹವಳ ಮತ್ತು ಸಿಗಡಿಯನ್ನು ಕೊಲ್ಲುತ್ತದೆ. ಹಿತ್ತಾಳೆಯ ನಲ್ಲಿ, ಕಬ್ಬಿಣದ ಬಕೆಟ್ ಕೂಡ ದೂರವಿರಲಿ. 20 ಲೀಟರ್ ಕಡಲ ನೀರು 20.5 ಕಿಲೋ ತೂಗುತ್ತದೆ. ಹತ್ತು ಕ್ಯಾನ್ ಎಂದರೆ ಇನ್ನೂರು ಕಿಲೋ ದಾಟುತ್ತದೆ. ಕಾರಿನ ಡಿಕ್ಕಿಗೂ ನಿಮ್ಮ ಸೊಂಟಕ್ಕೂ ಮಿತಿಯಿದೆ.

6. ಎರಡು ಸಲ ಸೋಸಿ
ಮೊದಲು ಒಗೆದ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ. ಸೋಪಿನ ವಾಸನೆ ಉಳಿದಿರಬಾರದು. ಆಮೇಲೆ 5 ಮೈಕ್ರಾನ್ ಫಿಲ್ಟರ್. ಸೋಸುವುದರಿಂದ ಮಣ್ಣು, ಪ್ಲವಕ ಹೋಗುತ್ತವೆ, ಕರಗಿದ ವಿಷ ಹೋಗುವುದಿಲ್ಲ. ಅದಕ್ಕೇ ಜಾಗದ ಆಯ್ಕೆ ಫಿಲ್ಟರ್‌ಗಿಂತ ಮುಖ್ಯ. ಕಡೆಯಲ್ಲಿ ಆ್ಯಕ್ಟಿವೇಟೆಡ್ ಕಾರ್ಬನ್ ಮೂಲಕ ಹರಿಸಿದರೆ ಸಾವಯವ ಕಲ್ಮಶ ಒಂದಷ್ಟು ಇಳಿಯುತ್ತದೆ.

7. ಇವತ್ತೇ ಬಳಸಿ, ಇಲ್ಲವೇ ಮೂರು ವಾರ ಮುಟ್ಟಬೇಡಿ
ಹೆಚ್ಚಿನವರು ಎಡವುವುದು ಇಲ್ಲಿ. ಕ್ಯಾನಿನಲ್ಲಿ ಮುಚ್ಚಿಟ್ಟ ನೀರಿನಲ್ಲಿ ಪ್ಲವಕ ಸಾಯುತ್ತದೆ, ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಆಮ್ಲಜನಕ ಕುಸಿಯುತ್ತದೆ, ಅಮೋನಿಯಾ ಏರುತ್ತದೆ. ಮೂರನೆಯ ದಿನವೋ ಐದನೆಯ ದಿನವೋ ತೊಟ್ಟಿಗೆ ಸುರಿದರೆ ಆ ಗಲೀಜೆಲ್ಲ ಒಳಗೆ. ತಂದ ದಿನವೇ ಸೋಸಿ ಹಾಕಬಹುದು. ಆದರೆ ರೋಗಾಣು ಜತೆಗೆ ಬರುವ ಅಪಾಯ ಉಂಟು. ಸುರಕ್ಷಿತ ದಾರಿ ಕತ್ತಲಲ್ಲಿ ಮೂರು ವಾರ ಕೂರಿಸುವುದು. ಬೆಳಕಿಲ್ಲದೆ ಪಾಚಿ ಸಾಯುತ್ತದೆ, ಮೀನಿನ ಮೈ ಸಿಗದ ಪರೋಪಜೀವಿಗಳಲ್ಲಿ ಬಹುಪಾಲು ಸಾಯುತ್ತವೆ, ಕೊಳೆಯೆಲ್ಲ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಪೈಪಿನಲ್ಲಿ ಹೀರಿ ತೆಗೆಯಿರಿ; ತಳದ ನಾಲ್ಕು ಬೆರಳಷ್ಟು ಚೆಲ್ಲಿ. ಬಳಸುವ ಹಿಂದಿನ ದಿನ ಏರ್ ಪಂಪ್ ಹಾಕಿ, ಅಮೋನಿಯಾ ಸೊನ್ನೆ ಇದೆಯೇ ನೋಡಿ.

8. ಬ್ಲೀಚ್ ಹಾಕುವುದಾದರೆ ಲೆಕ್ಕ ತಪ್ಪಬೇಡಿ
ಸಿಗಡಿ ಮರಿ ಉತ್ಪಾದಿಸುವವರು ನೀರನ್ನು ಕ್ಲೋರಿನ್‌ನಿಂದ ಶುದ್ಧ ಮಾಡುತ್ತಾರೆ. ಮನೆಯಲ್ಲೂ ಸಾಧ್ಯ: 100 ಲೀಟರಿಗೆ ಸುಗಂಧವಿಲ್ಲದ ಶೇ. 5ರ ಬ್ಲೀಚ್ 20 ಮಿಲಿ ಹಾಕಿದರೆ 10 ಪಿಪಿಎಂ ಆಗುತ್ತದೆ. ಒಂದು ದಿನ ಬಿಟ್ಟು, ಸೋಡಿಯಂ ಥಯೋಸಲ್ಫೇಟ್‌ನಿಂದ ಕ್ಲೋರಿನ್ ತೆಗೆದು, ಜೋರಾಗಿ ಗಾಳಿ ಆಡಿಸಿ. ಕ್ಲೋರಿನ್ ಟೆಸ್ಟ್ ಕಿಟ್ ಕೈಯಲ್ಲಿಲ್ಲದಿದ್ದರೆ ಈ ಸೂತ್ರ ಬಿಟ್ಟು ಮುಂದೆ ಹೋಗಿ.

9. ಅಳೆಯುವ ಸಾಧನವನ್ನೂ ಅಳೆಯಿರಿ
ಲವಣಾಂಶದ ಗುರಿ 35 ಪಿಪಿಟಿ. 25 ಡಿಗ್ರಿಯಲ್ಲಿ ವಿಶಿಷ್ಟ ಸಾಂದ್ರತೆ ಸುಮಾರು 1.026. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರ್ ಸುಳ್ಳು ಹೇಳುವುದುಂಟು. 36.5 ಗ್ರಾಂ ಅಡುಗೆ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ ನೋಡಿ. ಅದು 35 ತೋರಿಸಬೇಕು. ಈ ದ್ರಾವಣ ಸಾಧನದ ಪರೀಕ್ಷೆಗೆ ಮಾತ್ರ. ತಂದ ನೀರು 30 ಪಿಪಿಟಿ ಇದ್ದರೆ 100 ಲೀಟರಿಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ರೀಫ್ ಸಾಲ್ಟ್ ಬೇಕು. ಕಲ್ಲುಪ್ಪು, ಪುಡಿಯುಪ್ಪು ಹಾಕಬೇಡಿ.

10. ಬದಲಾವಣೆ ಹತ್ತರಲ್ಲಿ ಒಂದು ಪಾಲು
ಸಹಜ ಕಡಲ ನೀರಿನ ಆಲ್ಕಲಿನಿಟಿ ಸುಮಾರು 7 ಡಿಕೆಎಚ್, ಕ್ಯಾಲ್ಸಿಯಂ 410ರಿಂದ 420 ಪಿಪಿಎಂ, ಮೆಗ್ನೀಸಿಯಂ 1300ರ ಹತ್ತಿರ. ಹಲವು ರೀಫ್ ಸಾಲ್ಟ್‌ಗಳಲ್ಲಿ ಆಲ್ಕಲಿನಿಟಿ ಇದಕ್ಕಿಂತ ಹೆಚ್ಚು. ಹಾಗಾಗಿ ಉಪ್ಪು ಬಿಟ್ಟು ಕಡಲಿಗೆ ತಿರುಗುವವರು ಒಮ್ಮೆಲೇ ಅರ್ಧ ತೊಟ್ಟಿ ಬದಲಿಸಿದರೆ ಹವಳ ಕಂಗೆಡುತ್ತದೆ. ವಾರಕ್ಕೆ ಶೇ. 10 ಸಾಕು. ಆಲ್ಕಲಿನಿಟಿ ಏರಿಸಬೇಕಾದರೆ 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ 1 ಡಿಕೆಎಚ್ ಕೊಡುತ್ತದೆ. ಒಂದು ದಿನಕ್ಕೆ ಅಷ್ಟೇ. ಏಪ್ರಿಲ್‌ನಲ್ಲಿ ನಮ್ಮ ಕಡಲು 30 ಡಿಗ್ರಿ ಮುಟ್ಟುತ್ತದೆ, ತೊಟ್ಟಿ ಇರಬೇಕಾದ್ದು 25ರಿಂದ 27. ಎರಡರ ಉಷ್ಣತೆ ಸರಿಹೊಂದಿಸಿಯೇ ಸುರಿಯಿರಿ.

11. ಆವಿಯಾದ ಜಾಗಕ್ಕೆ ಸಿಹಿನೀರು
ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಮಟ್ಟ ಇಳಿದಾಗಲೆಲ್ಲ ಕಡಲ ನೀರು ಹಾಕುತ್ತ ಹೋದರೆ ತೊಟ್ಟಿ ಉಪ್ಪಿನ ಗದ್ದೆಯಾಗುತ್ತದೆ. ಮಟ್ಟ ತುಂಬಲು ಆರ್‌ಒ ನೀರು, ನೀರು ಬದಲಿಸಲು ಕಡಲ ನೀರು.

12. ನೀರಷ್ಟೇ ತನ್ನಿ, ಅದನ್ನೂ ಮರಳಿಸಬೇಡಿ
ನೀರು ತುಂಬಲು ಹೋದವರ ಕೈ ಬಂಡೆಯ ಮೇಲಿನ ಹವಳದತ್ತ ಚಾಚಬಾರದು. ಕಲ್ಲುಹವಳ, ಸಮುದ್ರ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳ ನೇತ್ರಾಣಿಯಲ್ಲೇ ಇರಲಿ. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನು ಕಡಲಿಗೆ ಸುರಿಯುವುದೂ ತಪ್ಪು. ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಅಕ್ವೇರಿಯಂ ಪಾಚಿ 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲಿ ಕಾಣಿಸಿಕೊಂಡು, ಮೆಡಿಟರೇನಿಯನ್ ಸಮುದ್ರದ ಹಲವು ತೀರಗಳಿಗೆ ಹಬ್ಬಿತು. ತೊಟ್ಟಿಯ ಹಳೆಯ ನೀರಿಗೆ ಮನೆಯ ಒಳಚರಂಡಿಯೇ ಸರಿಯಾದ ದಾರಿ.

ಇಷ್ಟನ್ನು ಪಾಲಿಸಿದರೂ ಒಂದು ಬಕೆಟ್ ರೀಫ್ ಸಾಲ್ಟ್ ಮನೆಯಲ್ಲಿರಲಿ. ಜುಲೈನಲ್ಲಿ ಸಂಗ್ರಹ ಮುಗಿದರೆ, ಕೆಂಪು ಕಡಲಿಗೆ ಕ್ಯಾನ್ ಅದ್ದುವುದಕ್ಕಿಂತ ಅದನ್ನು ಬೆರೆಸುವುದೇ ಅಗ್ಗ.